ಆಲದ ಕೆಳಗೆ ಬಾಯಿಬಿಟ್ಟ ಲ್ಯಾಪ್‌ಟಾಪ್

ನಗೋದಿದ್ರೆ ಈಗಲೇ ನಕ್ಕುಬಿಡಿ. ಇದು ನಮ್ಮ ತೈನಾನ್ ಊರಿನಲ್ಲಿ, ಪಕ್ಕದ ಮನೆಯ ಯುನ್-ಶಿಗೆ ಆದದ್ದು. ಅದೂ ಚಾಂದ್ರಮಾನದ ಏಳನೇ ತಿಂಗಳಲ್ಲಿ... ಸತ್ತವರು ಬೀದಿಗಿಳಿಯುವ ತಿಂಗಳಲ್ಲಿ.

ಮೀನಿನ ಸೂಪಿನಂಗಡಿಯ ತ್ಸೈ ಅಜ್ಜಿಗೆ ಗಂಟಲ ಆಪರೇಷನ್ ಆಗಿ ದನಿಯೇ ಹೋಗಿತ್ತು. ಟೈಪ್ ಮಾಡಿದ್ದನ್ನು ಕಂಪ್ಯೂಟರೇ ಗಟ್ಟಿಯಾಗಿ ಹೇಳುವ ಆ್ಯಪ್ ಒಂದನ್ನು ಯುನ್-ಶಿ ಕಟ್ಟುತ್ತಿದ್ದಳು. ವಿಂಡೋಸಿನಲ್ಲಿ ಮಾತಾಡಿತು, ಮ್ಯಾಕಿನಲ್ಲೂ ಮಾತಾಡಿತು. ಲಿನಕ್ಸಿನಲ್ಲಿ ಮಾತ್ರ ತುಟಿ ಬಿಚ್ಚಲಿಲ್ಲ. ಅಜ್ಜಿಯ ಹಳೇ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಲಿನಕ್ಸೇ.

"ಒಬ್ಬ ಮುದುಕಿಗೋಸ್ಕರ ಇಷ್ಟೆಲ್ಲ ಯಾಕೆ? ನಾಳೆ ಆ ಲಿನಕ್ಸಿನ ಭಾಗಾನ ಅಳಿಸ್ಬಿಡು," ಅಂದ ಅವಳು ಕೆಲಸ ಮಾಡುವ ಕಂಪನಿಯ ಯಜಮಾನ.

"ಬೇಕಿದ್ರೆ ನೀವೇ ಅಳಿಸಿ ಸಾರ್. ನನ್ನ ಕೈಲಾಗಲ್ಲ."

ಅಜ್ಜಿಯ ಲ್ಯಾಪ್‌ಟಾಪನ್ನು ಚೀಲಕ್ಕೆ ತುರುಕಿಕೊಂಡು ಹೊರಟಳು. ಹೊತ್ತು ಮೀರಿತ್ತು. ನಮ್ಮ ಬೀದಿಯ ತುದಿಯ ದೊಡ್ಡ ಆಲದ ಮರದ ಹತ್ತಿರ ಬಂದಾಗ ಚೀಲದೊಳಗೆ... ಕರ್... ಕರ್... ಒಣಗಿದೆಲೆ ಉಜ್ಜಿದ ಹಾಗೆ. ಆಮೇಲೆ ಪಿಸುಮಾತು.

"ಯುನ್-ಶಿ... ಬಿಟ್ಬಿಡು..."

ಆ ತಿಂಗಳಲ್ಲಿ ಕತ್ತಲಲ್ಲಿ ಯಾರು ಹೆಸರು ಹಿಡಿದು ಕರೆದರೂ ಓಗೊಡಬಾರದು. ಇವಳು ಓಗೊಟ್ಟಳು.

"ಯಾರದು?"

"ಅವಳು ಸುಮ್ನಿರ್ಲಿ... ನಾವೆಲ್ಲ ಸುಮ್ನಿಲ್ವಾ..."

ಚೀಲ ಬಿಚ್ಚಿ ನೋಡಿದಳು. ಲ್ಯಾಪ್‌ಟಾಪ್ ಆರಿತ್ತು. ಕಾಲು ಓಡು ಅನ್ನುತ್ತಿತ್ತು. ಆದರೆ ಎಲ್ಲಿಂದಲೋ ಸಿಟ್ಟು ಉಕ್ಕಿ ಬಂತು.

"ನೀನು ಮಾತಾಡ್ಬಹುದು, ಅಜ್ಜಿ ಮಾತಾಡ್ಬಾರ್ದಾ? ಯಾವ ನ್ಯಾಯನೇ ಇದು? ಕೂತ್ಕೋ. ನಾನೂ ಕೂತ್ಕೋತೀನಿ."

ಆಲದ ಬೇರಿನ ಮೇಲೇ ಕೂತು ಕೋಡ್ ತೆರೆದಳು. ಲಿನಕ್ಸಿನಲ್ಲಿ ದನಿ ಹೊರಬೀಳುವ ದಾರಿಯೇ ಬೇರೆ; ಅದನ್ನು ಹುಡುಕಬೇಕಿತ್ತು. ಇವಳು ಒಂದು ಕೀಲಿ ಒತ್ತಿದರೆ ಟಕ್... ಮೇಲೆ ಕೊಂಬೆಯಲ್ಲೂ ಟಕ್.

"ಬಿಡು..."

"ಬಿಡಲ್ಲ."

"ಬಿಡೇ..."

"ಬಿಡಲ್ಲ ಅಂದ್ನಲ್ಲ!"

ಬೆಳಕು ಹರಿಯುವ ಹೊತ್ತಿಗೆ ಪರದೆಯ ಮೇಲೆ ಟೈಪ್ ಮಾಡಿದಳು: ಕೇಳಿಸ್ತಾ? ಲ್ಯಾಪ್‌ಟಾಪ್ ಗಟ್ಟಿಯಾಗಿ, "ಕೇಳಿಸ್ತಾ?" ಅಂದಿತು. ಅದನ್ನು ಎತ್ತಿಕೊಂಡು ಸೀದಾ ಅಜ್ಜಿಯ ಅಂಗಡಿಗೆ ನಡೆದಳು.

ಬೆಳಗ್ಗೆ ಅಜ್ಜಿ ಒಂದೇ ಬೆರಳಲ್ಲಿ ಕುಟ್ಟಿದಳು. "ಲೇ ಯುನ್-ಶಿ, ಹೆಣದ ಹಾಗಾಗಿದ್ದೀಯ, ಸೂಪ್ ಕುಡಿ!" ಬೀದಿಗೆಲ್ಲ ಕೇಳಿಸಿತು. ಆಮೇಲೆ ಅಲ್ಲಿಗೇ ತಿಂಡಿಗೆ ಬಂದ ಯಜಮಾನನಿಗೂ ಆ ಬಾಯಿಂದ ಸರಿಯಾಗಿ ಬೈಗುಳ ಬಿತ್ತು. ಅಳಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಮರುವರ್ಷ ಆ ಲ್ಯಾಪ್‌ಟಾಪಿನ ಫ್ಯಾನಿನಲ್ಲಿ ಧೂಳು ಕಟ್ಟಿತೆಂದು ರಿಪೇರಿಗೆ ಕೊಟ್ಟರು. ಒಯ್ದವನು ನಾನೇ. ಅಂಗಡಿಯವನು ಬಿಚ್ಚಿ, ನನ್ನ ಮುಖ ನೋಡಿದ.

"ಸ್ಪೀಕರ್ ಎಲ್ಲಿ? ಯಾರೋ ಎಂದೋ ಕಿತ್ಕೊಂಡಿದ್ದಾರಲ್ಲ."

ಬಗ್ಗಿ ನೋಡಿದೆ. ಎರಡು ಖಾಲಿ ಗೂಡು, ಒಳಗೆ ಹಳೇ ಜೇಡರ ಬಲೆ. ಸುಳ್ಳಲ್ಲ, ನಾನೇ ಕಣ್ಣಾರೆ ಕಂಡದ್ದು. ಇವತ್ತು ಬೆಳಗ್ಗೆಯೂ ಅಜ್ಜಿ ಅದರಲ್ಲೇ ಗಿರಾಕಿಗಳನ್ನು ಬೈದಳು.