ಚೀಟಿಯ ಹಿಂಬದಿಯ ಮಾತು ಯಾರದು

ಎಲ್ಲರಿಗೂ ನಮಸ್ಕಾರ. ಮುಂದಿನ ಸಾಲಿನಲ್ಲಿ ಕೂತಿರುವ ಅಕ್ಕನಿಗೆ, ಅಂದರೆ ನಮ್ಮ ಮೇಷ್ಟ್ರ ಮನೆಯವರಿಗೆ, ಅವರ ಮಗಳಿಗೆ, ಅಳಿಯನಿಗೆ ವಿಶೇಷವಾಗಿ ನಮಸ್ಕಾರ. ಹಿಂದೆ ನಿಂತಿದ್ದೀರಲ್ಲ, ಹಳೇ ವಿದ್ಯಾರ್ಥಿಗಳು — ಬನ್ನಿ, ಮುಂದೆ ಕುರ್ಚಿ ಖಾಲಿ ಇದೆ. ಮೇಷ್ಟ್ರು ಇದ್ದಿದ್ದರೆ ಹೆಸರು ಹಿಡಿದು ಕರೆಯೋರು.

ನಾನು ಈ ಇಂಗ್ಲಿಷ್ ತರಗತಿಯ ಟೈಪಿಸ್ಟ್. ಹತ್ತೊಂಬತ್ತು ವರ್ಷ ಮೇಷ್ಟ್ರ ಮೇಜಿಗೆ ಎದುರು ನನ್ನ ಮೇಜು. ನನಗೆ ಭಾಷಣ ಬರೋದಿಲ್ಲ, ಬಾಯಿ ಮಾತ್ರ ಜೋರು. ಹೋದವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕಂತೆ. ಹೇಳ್ತೀನಿ. ಆದರೆ ಅವರ ಹತ್ತಿರ ಒಂದು ಜಗಳವೂ ಬಾಕಿ ಇದೆ — ಅದನ್ನೂ ಇಲ್ಲೇ ಆಡಿಬಿಡ್ತೀನಿ.

ಅವರು ತೀರಿಕೊಂಡ ನಾಲ್ಕನೇ ದಿನ ನಾನು ಮನೆಗೆ ಹೋಗಿದ್ದೆ. ಚೀಟಿಗಳ ಡಬ್ಬಗಳು ಗೋಡೆ ಪಕ್ಕ ಸಾಲಾಗಿ ಇದ್ದವು. ಅಕ್ಕ ಅವನ್ನು ನೋಡುತ್ತಾ ಹೇಳಿದರು — "ನೋಡಮ್ಮ, ಊರವರ ಮಾತೆಲ್ಲ ಇದರಲ್ಲಿದೆ. ನರ್ಸ್ ಹೇಳಿದ್ದು, ಡ್ರೈವರ್ ಹೇಳಿದ್ದು, ಹಾದಿಯಲ್ಲಿ ಹೋಗೋರು ಹೇಳಿದ್ದು. ಮೂವತ್ತು ವರ್ಷ ಜೊತೆಗಿದ್ದೋಳು ನಾನು, ನಂದು ಒಂದೇ ಒಂದು ಮಾತಿಲ್ಲ. ನನಗೆಲ್ಲಿ ಇಂಗ್ಲಿಷ್ ಬರುತ್ತೆ, ಬಿಡು." 'ಬಿಡು' ಅಂದರು. ನನಗೆ ಬಿಡೋಕಾಗಲಿಲ್ಲ. ಈ ಚೀಟಿಗಳ ಪುಸ್ತಕ ಸೋಮವಾರ ಅಚ್ಚಿಗೆ ಹೋಗಬೇಕು. ಅದು ಹೋಗೋದರೊಳಗೆ ಇದೊಂದು ಇತ್ಯರ್ಥ ಆಗಲೇಬೇಕು.

ಹೊಸಬರಿಗೆ ಈ ಚೀಟಿ ವಿಷಯ ಹೇಳಬೇಕು. ಇಂಗ್ಲಿಷಿನಲ್ಲಿ 'ಗಿವ್ ಅಪ್', 'ಟರ್ನ್ ಅಪ್', 'ಪುಟ್ ಅಪ್ ವಿತ್' — ಹೀಗೆ ಎರಡು ಮೂರು ಪುಟಾಣಿ ಪದ ಸೇರಿ ಬೇರೇನೋ ಆಗಿಬಿಡುತ್ತಲ್ಲ, ಅವುಗಳ ಪುಸ್ತಕ ಮಾಡುತ್ತಿದ್ದರು ಮೇಷ್ಟ್ರು. ಹಳೇ ಪಠ್ಯದಲ್ಲಿ 'ರಾಜನು ಸಿಂಹಾಸನವನ್ನು ಗಿವ್ ಅಪ್ ಮಾಡಿದನು' ಅಂತಿತ್ತು. ಮೇಷ್ಟ್ರು ತರಗತಿಯನ್ನೆಲ್ಲ ಒಂದು ಸುತ್ತು ನೋಡಿ, "ನಿಮ್ಮಲ್ಲಿ ಯಾರ ಬಳಿ ಸಿಂಹಾಸನವಿದೆ?" ಅಂದರು. ಪ್ಲಂಬರ್ ಒಬ್ಬ ಕೈ ಎತ್ತಿ, "ನಾನು ಫಿಟ್ ಮಾಡ್ತೀನಿ ಸರ್, ಪಿಂಗಾಣಿದು" ಅಂದ! ಅವತ್ತು ಪಾಠ ನಡೆಯಲಿಲ್ಲ ಬಿಡಿ.

ಅಂದಿನಿಂದ ಒಂದು ನಿಯಮ. ಕಟ್ಟಿದ ವಾಕ್ಯ ಬೇಡ. ಯಾರೋ ನಿಜವಾಗಿ, ಯಾರಿಗೋ ನಿಜವಾಗಿ ಹೇಳಿದ್ದೇ ಆಗಬೇಕು. ಚೀಟಿಯ ಮುಂಬದಿಯಲ್ಲಿ ಇಂಗ್ಲಿಷ್ ವಾಕ್ಯ. ಅದರ ಕೆಳಗೆ ಮೂರು ಪ್ರಶ್ನೆ — ಹೇಳಿದ್ದು ಯಾರು? ಯಾರಿಗೆ? ಆಮೇಲೆ ಏನಾಯ್ತು? ಮೂರನೆಯದು ಪಾಠಕ್ಕೆ ಯಾಕೆ ಬೇಕು ಅಂತ ನಾನು ಕೇಳಿದ್ದೆ. "ಪಾಠಕ್ಕೆ ಬೇಡ. ನನಗೆ ತಿಳಿಯಬೇಕು" ಅಂದರು. ಲಿಫ್ಟಿನಲ್ಲಿ ಇಬ್ಬರು 'ಕಾಲ್ ಆಫ್' ಅಂದದ್ದು ಕಿವಿಗೆ ಬಿತ್ತು ಅಂತ ಅವರ ಹಿಂದೆಯೇ ಆರನೇ ಮಹಡಿವರೆಗೆ ಹೋಗಿದ್ದರು, ಪುಣ್ಯಾತ್ಮ! ರದ್ದಾದದ್ದು ಮೀಟಿಂಗೋ ಮದುವೆಯೋ ಅಂತ ತಿಳ್ಕೊಂಡೇ ಇಳಿದು ಬಂದರು. ಮದುವೆ. ಎರಡು ದಿನ ಇವರೇ ಸಪ್ಪಗಿದ್ದರು.

ಇನ್ನು ಚೀಟಿಯ ಹಿಂಬದಿ. ಅಲ್ಲಿ ಅದೇ ಮಾತು, ಕನ್ನಡದಲ್ಲಿ. ನನ್ನ ತಕರಾರು ಇರೋದೇ ಇಲ್ಲಿ.

ನಮ್ಮ ಮೇಷ್ಟ್ರು ಮಾತಾಡೋ ಕನ್ನಡ ನಿಮಗೆಲ್ಲ ಗೊತ್ತು. ಫ್ಯಾನು ಕಡಿಮೆ ಮಾಡಮ್ಮ ಅನ್ನೋಕೆ, "ದಯವಿಟ್ಟು ಪಂಖದ ವೇಗವನ್ನು ತುಸು ತಗ್ಗಿಸುವಿರಾ?" ಅನ್ನೋರು. ನಾನು ಮೊದಲ ವಾರ ನನ್ನನ್ನೇ ಅಣಕಿಸ್ತಾ ಇದ್ದಾರೆ ಅಂದುಕೊಂಡಿದ್ದೆ! ಅಂಥವರ ಚೀಟಿಯಲ್ಲಿ ನೋಡಿ — ತಂದಿದ್ದೀನಿ, ಓದ್ತೀನಿ. 'ಟರ್ನ್ ಅಪ್'. ಹೇಳಿದವರು, ಹೋಟೆಲಿನ ರಿಸೆಪ್ಷನ್ ಹುಡುಗಿ. ಹಿಂಬದಿಯಲ್ಲಿ — "ಹೇಳಿಲ್ಲ ಕೇಳಿಲ್ಲ, ಎಂಟು ಜನ ಬಂದು ವಕ್ಕರಿಸಿದ್ರು." ವಕ್ಕರಿಸಿದ್ರು! ಮೇಷ್ಟ್ರ ಬಾಯಲ್ಲಿ ಈ ಪದ ನೀವು ಯಾರಾದರೂ ಕೇಳಿದ್ದೀರಾ? ಇಲ್ಲ ತಾನೆ? ನಾನು ಅವತ್ತೇ ಕೇಳಿದ್ದೆ, "ಸರ್, ಇದು ನೀವೇ ಬರೆದದ್ದಾ?" ಅಂತ. "ಅಕ್ಷರ ನನ್ನದೇ ಅಲ್ಲವೇ?" ಅಂದು ಕನ್ನಡಕ ಒರೆಸಿಕೊಂಡರು.

ಇನ್ನೊಂದು. 'ಪುಟ್ ಅಪ್ ವಿತ್'. ಹೇಳಿದವರು, ವಾರ್ಡಿನ ನರ್ಸ್, ತನ್ನ ಮೇಲಿನವರ ಬಗ್ಗೆ. ನಿಘಂಟಿನಲ್ಲಿ 'ಸಹಿಸಿಕೊಳ್ಳು' ಅಂತಿದೆ. ತಪ್ಪೇನಿಲ್ಲ, ಉಪ್ಪಿಲ್ಲ ಅಷ್ಟೆ. ಮೇಷ್ಟ್ರ ಚೀಟಿಯಲ್ಲಿ — "ಇವಳ ಜೊತೆ ಏಗಿ ಏಗಿ ಸಾಕಾಗಿದೆ ಕಣೇ."

— ನೋಡಿ, ಮಗಳು ನಗ್ತಾ ಇದ್ದಾಳೆ. ಏನಮ್ಮ? ಜೋರಾಗಿ ಹೇಳು, ಎಲ್ಲರೂ ಕೇಳಲಿ. "ಅದು ಅಮ್ಮ ಹೇಳೋದು" ಅಂತಿದ್ದಾಳೆ. ಕೇಳಿಸ್ತಾ ಹಿಂದಿನವರಿಗೆ? ಅದು ಅಮ್ಮ ಹೇಳೋದು!

ನನಗೆ ತಿಳಿದದ್ದೂ ಹಾಗೇ. ಅದೇ ನಾಲ್ಕನೇ ದಿನ, ಹೊರಡೋಕೆ ಅಂತ ಚಪ್ಪಲಿ ಹಾಕ್ಕೊಳ್ತಿದ್ದೆ. ಒಳಗೆ ಅಕ್ಕ ಫೋನಿನಲ್ಲಿ ಯಾರಿಗೋ ಹೇಳ್ತಿದ್ದರು, "ಹಿಂಗೆ ನಡುನೀರಲ್ಲಿ ಕೈ ಬಿಟ್ಟು ಹೋಗಿಬಿಟ್ರಲ್ಲೇ." ನನ್ನ ಕಾಲು ಅಲ್ಲೇ ನಿಂತಿತು. ಆ ಮಾತು ನಾನು ಟೈಪ್ ಮಾಡಿದ್ದೆ. 'ಲೆಟ್ ಡೌನ್' ಚೀಟಿಯ ಹಿಂಬದಿ, ಅಕ್ಷರ ಅಕ್ಷರ ಹಾಗೇ. ಚಪ್ಪಲಿ ಬಿಟ್ಟು ವಾಪಸ್ ಒಳಗೆ ಹೋದೆ.

"ಅಕ್ಕ, ಮೇಷ್ಟ್ರು ನಿಮ್ಮನ್ನ ಏನಾದ್ರೂ ಕೇಳ್ತಿದ್ರಾ, ಮಾತಿನ ಬಗ್ಗೆ?" ಅಂದೆ. "ಕೇಳೋದೇನು? ದಿನಾ ಬೆಳಿಗ್ಗೆ ತಿಂಡಿ ಹೊತ್ತಲ್ಲಿ ಒಂದು ಕಥೆ. ಒಬ್ಬಳು ನರ್ಸ್ ಇದ್ದಾಳಂತೆ, ಅವಳ ಮೇಲಿನವಳು ಹಿಂಗಂತೆ, ನೀನಾಗಿದ್ರೆ ಏನಂತಿದ್ದೆ ಅನ್ನೋರು. ನಾನು ಬಾಯಿಗೆ ಬಂದದ್ದು ಅನ್ನೋಳು. ನಕ್ಕೊಂಡು ಎದ್ದು ಹೋಗೋರು. ಮಾಡೋಕೆ ಕೆಲಸ ಇಲ್ಲ ಇವರಿಗೆ ಅಂದ್ಕೋತಿದ್ದೆ" ಅಂದರು.

ಕೆಲಸ ಇಲ್ಲವಂತೆ! ಆ ಎದ್ದು ಹೋಗುತ್ತಿದ್ದದ್ದು ಚೀಟಿ ಬರೆಯೋಕೆ. ನಾಲ್ಕು ಸಾವಿರದ ಇನ್ನೂರು ಚೀಟಿ. ಕಳೆದ ವಾರ ನಾನೂ ಮಗಳೂ ಕೂತು ಒಂದೊಂದೇ ಅಕ್ಕನಿಗೆ ಓದಬೇಕು ಅಂತ ಶುರು ಮಾಡಿದೆವು, ಅಕ್ಕ ಬೇಡ ಅಂದುಬಿಟ್ಟರು. ಅವರ ಅಕ್ಷರ ನೋಡೋಕಾಗಲ್ಲ ಅಂದರು. ಅದಕ್ಕೇ ಇವತ್ತು ಸಭೆಯಲ್ಲಿ ಓದಿದೆ, ಇಲ್ಲಿಂದ ಎದ್ದು ಹೋಗೋಕಾಗಲ್ಲ ಅಂತ. ಕ್ಷಮಿಸಿ ಅಕ್ಕ.

ಈಗ ಜಗಳ. ಮೇಷ್ಟ್ರೇ, ಲಿಫ್ಟಿನಲ್ಲಿ ಸಿಕ್ಕ ಅಪರಿಚಿತರಿಗೂ ಚೀಟಿಯಲ್ಲಿ ಜಾಗ ಕೊಟ್ಟಿರಿ. ನಾವು ತಂದ ಮಾತಿಗೆ 'ಹೇಳಿದ್ದು ಯಾರು' ಅಂತ ಬರೆಯದಿದ್ದರೆ ಚೀಟಿ ಹರಿದು ನಮ್ಮ ಕೈಗೇ ಕೊಡ್ತಿದ್ದಿರಿ. ಹಿಂಬದಿಗೆ ಆ ಪ್ರಶ್ನೆ ಯಾಕಿಲ್ಲ? ಮನೆಯವಳ ಮಾತು ಅಂದರೆ ನಿಮ್ಮದೇ ಅಂದುಕೊಂಡಿರಾ? ಇಲ್ಲ ಹೇಳಿಬಿಟ್ಟರೆ ಆಕೆ ಹುಷಾರಾಗಿ, ನಿಮ್ಮ ಹಾಗೇ ಪಂಖದ ವೇಗ ತಗ್ಗಿಸೋ ಕನ್ನಡ ಆಡ್ತಾರೆ ಅಂತ ಹೆದರಿದಿರಾ? ನನಗೆ ಗೊತ್ತಿಲ್ಲ. ಎಷ್ಟು ಯೋಚನೆ ಮಾಡಿದರೂ ಗೊತ್ತಾಗ್ತಿಲ್ಲ. ಏನೇ ಆಗಲಿ, ಮಾಡಿದ್ದು ತಪ್ಪು. ನಿಮ್ಮ ಮೇಲೆ ನನಗೆ ಎಷ್ಟು ಪ್ರೀತಿಯೋ ಇವತ್ತು ಅಷ್ಟೇ ಸಿಟ್ಟಿದೆ.

ನಿನ್ನೆ ಪ್ರೆಸ್ಸಿಗೆ ಹೋಗಿ ಮುಖಪುಟ ಬದಲಿಸಿ ಬಂದೆ. ಎರಡು ಹೆಸರು, ಒಂದೇ ಅಳತೆಯ ಅಕ್ಷರ. ಯಾರನ್ನೂ ಕೇಳಿಲ್ಲ. ನಮ್ಮ ಸಂಸ್ಥೆಯ ಕಾರ್ಯದರ್ಶಿಗಳು ಇಲ್ಲೇ ಕೂತಿದ್ದಾರೆ — ಸರ್, ಬೈಯೋದಿದ್ದರೆ ಸಭೆ ಮುಗಿದ ಮೇಲೆ ಬೈಯಿರಿ.

ಒಂದು ಚೀಟಿ ಮಾತ್ರ ಉಳಿದಿದೆ. ಅವರು ಬರೆದ ಕೊನೇದು. 'ಗೆಟ್ ಓವರ್'. ನಮ್ಮ ವಿದ್ಯಾರ್ಥಿ ಒಬ್ಬನ ತಂದೆ ತೀರಿಕೊಂಡಾಗ ಅವನ ಸೂಪರ್‌ವೈಸರ್ ಹೇಳಿದ್ದು — ಯು ವಿಲ್ ಗೆಟ್ ಓವರ್ ಇಟ್. ಆಮೇಲೆ ಏನಾಯ್ತು? "ಹುಡುಗ ತಲೆಯಾಡಿಸಿ ಕೆಲಸಕ್ಕೆ ಹೋದ." ಹಿಂಬದಿ ಖಾಲಿ. ತೀರಿಕೊಳ್ಳೋ ಹಿಂದಿನ ದಿನ ಸಂಜೆ ಬರೆದಿದ್ದಾರೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ಕೇಳೋಕೆ ಅವರೇ ಇರಲಿಲ್ಲ.

ಪ್ರೆಸ್ಸಿನವರು 'ಚೇತರಿಸಿಕೊಳ್ಳು' ಅಂತ ಹಾಕಿ ಮುಗಿಸಿ ಅಂತಾರೆ. ನಾನು ಹಾಕಲ್ಲ. ಅಕ್ಕ, ಆ ಜಾಗ ನಿಮ್ಮದು. ಇವತ್ತು ಬೇಡ, ಈ ತಿಂಗಳು ಬೇಡ. ಎಂದಾದರೂ ಒಂದು ದಿನ ಬಾಯಿಗೆ ಬಂದದ್ದು ಅನ್ನಿ, ಬರೆದುಕೊಳ್ಳೋಕೆ ನಾನು ಬರ್ತೀನಿ. ಮುಂದಿನ ಮುದ್ರಣಕ್ಕೆ ಹಾಕೋಣ. ಅಲ್ಲೀವರೆಗೆ, ಮಾತು ಬರದೇ ಹೋದರೆ ಯಾವತ್ತಿಗೂ, ಪುಸ್ತಕದಲ್ಲಿ ಆ ಜಾಗ ಬಿಳಿಯಾಗೇ ಇರಲಿ. ಓದೋರು ಅರ್ಥ ಮಾಡ್ಕೋತಾರೆ.

ನನ್ನ ಮಾತು ಇಷ್ಟೆ. ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ, ಎರಡು ನಿಮಿಷ ಸುಮ್ಮನಿರೋಣ, ಮೇಷ್ಟ್ರಿಗಾಗಿ.

— ಅಕ್ಕ, ನೀವು ಏಳಬೇಡಿ. ಕೂತಿರಿ. ನಾವು ನಿಮಗಾಗಿಯೂ ನಿಲ್ತಾ ಇದ್ದೀವಿ.