ಗಬ್ಬದ ಹಸುವಿಗೆ ಮೆತ್ತನೆ ದಾರಿ

ತರೀಕೆರೆಯ ಪಂಕ್ಚರ್ ಅಂಗಡಿಯ ಮುಂದೆ ಸ್ಕೂಟರಿಗೆ ಗಾಳಿ ಹಾಕಿಸಲು ನಿಂತಿದ್ದ ತನುಜಾಳ ಕಿವಿಯೆಲ್ಲ ಪಕ್ಕದ ಟ್ರ್ಯಾಕ್ಟರಿನ ಕಡೆಗೇ ಇತ್ತು. ಓಡಿಸಿಕೊಂಡು ಬಂದವಳು ಹೆಂಡತಿ. ಗಂಡ ಹಿಂದಿನ ಟ್ರೇಲರಿನಲ್ಲಿ ಗಬ್ಬದ ಹಸುವಿನ ಹಗ್ಗ ಹಿಡಿದು ನಿಂತಿದ್ದ.

“ಲಕ್ಕವಳ್ಳಿ ಬಿಟ್ಟಾಗಿಂದ ಟ್ರೇಲರ್ ಹಾವಿನ ಥರ ಆಡ್ತೈತೆ ಕಣ್ರೀ. ಟೈರ್ ಮುಟ್ಟಿದ್ರೆ ಸುಡ್ತೈತೆ!”

“ನಾನೇ ಒಸಿ ಗಾಳಿ ಬಿಟ್ಟಿದ್ದೆ ಕಣೇ ಹಾಲಮ್ಮ.”

“ಅಯ್ಯೋ! ಯಾಕ್ರೀ?”

“ದಿನ ತುಂಬಿದ ಹಸು, ಕುಲುಕಾಡಬಾರ್ದು ಅಂತ. ಗಟ್ಟಿ ಟೈರು ಎತ್ತೆತ್ತಿ ಹಾಕುತ್ತಲ್ಲ.”

“ಹಿಂಗೇ ಹೋದ್ರೆ ಟೈರ್ ಸಿಡಿದು ಟ್ರೇಲರ್ ಮಗುಚ್ಕೊಳ್ಳುತ್ತೆ! ನಮ್ಮಪ್ಪ ಬಳುವಳಿ ಕೊಟ್ಟ ಹಸು ನಮ್ಮೂರು ಶಿವನಿ ಮುಟ್ಟೋದು ಬ್ಯಾಡ್ವಾ?”

“ಮತ್ತೆ ಮೆತ್ತಗೆ ಹೆಂಗೆ ಕರ್ಕೊಂಡು ಹೋಗೋದು?”

“ಟೈರಿಗೆ ಪೂರ್ತಿ ಗಾಳಿ, ಹಸುವಿನ ಕಾಲಡಿಗೆ ಹುಲ್ಲು. ಮೆತ್ತಗೆ ಓಡ್ಸೋದು ನನ್ ಕೆಲ್ಸ. ಮೊದ್ಲು ಟೈರಿನ ಬಿಸಿ ಆರ್ಲಿ.”

ಬಿಸಿ ಆರುವಷ್ಟರಲ್ಲಿ ಗಂಡ ಎಲ್ಲಿಂದಲೋ ಒಂದು ಹೊರೆ ಹುಲ್ಲು ಹೊತ್ತು ಏದುಸಿರು ಬಿಡುತ್ತಾ ಓಡಿಬಂದ. ಟೈರಿಗೆ ಗಾಳಿ ತುಂಬಿತು. ಹುಲ್ಲು ಹಾಸಿದ್ದೇ ತಡ, ಹಸು ಕತ್ತು ಬಗ್ಗಿಸಿತು.

“ಲೇ, ಹಾಸಿಗೇನೇ ತಿಂತೈತಲ್ಲೇ!”

“ತಿನ್ಲಿ ಬಿಡಿ, ನಾಳೆ ಬಾಣಂತಿ ಆಗೋಳು. ಗಟ್ಟಿಯಾಗಿ ಹಿಡ್ಕಳಿ, ಹೊರಟೆ!”

ಟ್ರೇಲರ್ ಒಂಚೂರೂ ಓಲಾಡದೆ ಅಜ್ಜಂಪುರದ ರಸ್ತೆ ಹಿಡಿಯಿತು. ಅಂಗಡಿಯವನು ಎರಡು ಸಲ ಕೂಗಿದ ಮೇಲೆಯೇ ತನುಜಾಳಿಗೆ ತನ್ನ ಸರದಿ ಬಂದದ್ದು ಗೊತ್ತಾದದ್ದು.

“ಎಷ್ಟು ಹಾಕ್ಲಿ ಅಕ್ಕಾ?”

“ಪೂರ್ತಿ ಹಾಕಪ್ಪಾ,” ಅಂದಳು, ಇನ್ನೂ ರಸ್ತೆಯ ಕಡೆಗೇ ನೋಡುತ್ತಾ.