ಬೆನ್ನಿಂದ ಎದೆಗೆ ಬಂದದ್ದು

ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಇದು ಆಗಿದ್ದು ನಮ್ಮ ದೊಡ್ಡಮ್ಮನ ಮಗಳಿಗೆ, ಇಸ್ತ್ರಿ ಅಂಗಡಿಯಲ್ಲಿ ಕೆಲಸ ಮಾಡೋ ಅಕ್ಕನಿಗೆ.

ಅವತ್ತು ಅಂಗಡಿ ಬಾಗಿಲು ಹಾಕೋ ಹೊತ್ತಿಗೆ ಗವ್ವನೆ ಕತ್ತಲು. ಅಕ್ಕ ಒಬ್ಬಳೇ ಮನೆಗೆ ಹೊರಟಿದ್ದಳು. ಮುಚ್ಚಿಹೋದ ಹಂಚಿನ ಕಾರ್ಖಾನೆ, ಅದರ ಹಿಂದೆ ಹಳೇ ಬಾವಿ. ಅಲ್ಲಿಗೆ ಬಂದಳು... ಎದೆ ಎಳೆಯಿತು.

ನೋವಲ್ಲ. ಎಡಗಡೆ, ರವಿಕೆಯ ಒಳಗೆ, ಮಾಂಸ ತಾನಾಗಿ ಬಿಗಿಯಾಯ್ತು... ಸಡಿಲವಾಯ್ತು. ಮತ್ತೆ ಬಿಗಿಯಾಯ್ತು.

ಈ ಎದೆಯ ಸಂಗತಿ ಮೊದಲು ಹೇಳಿಬಿಡ್ತೀನಿ. ಅಕ್ಕನ ಎಡ ಎದೆಯಲ್ಲಿ ಗಂಟಾಗಿ, ಅದು ಕ್ಯಾನ್ಸರ್ ಅಂತ ಗೊತ್ತಾಗಿ, ಪೂರ್ತಿ ತೆಗೆದುಹಾಕಿದ್ದರು. ಖಾಲಿಯಾದ ಜಾಗ ತುಂಬಿಸೋಕೆ ಬೆನ್ನಿನ ಸ್ನಾಯು ತಂದರು. ಡಾಕ್ಟರಮ್ಮ ಚಿತ್ರ ಬರೆದು ತೋರಿಸಿದ್ದರಂತೆ. ಮೈಯಲ್ಲಿ ಅಷ್ಟು ಅಗಲದ ಸ್ನಾಯು ಇನ್ನೊಂದಿಲ್ಲ. ಕೆಳಬೆನ್ನಿನಿಂದ, ಸೊಂಟದ ಮೂಳೆಯಿಂದ, ಪಕ್ಕೆಲುಬಿನಿಂದ ಬೀಸಣಿಗೆಯ ಹಾಗೆ ಎದ್ದು, ಮೇಲಕ್ಕೆ ಹೋಗ್ತಾ ಕಿರಿದಾಗಿ, ಕಂಕುಳ ಹತ್ತಿರ ತೋಳಿನ ಮೂಳೆಗೆ ಅಂಟಿಕೊಳ್ಳುತ್ತೆ. ಅದಕ್ಕೆ ರಕ್ತ ಕೊಡೋ ನಾಳ, ಅದನ್ನು ಆಡಿಸೋ ನರ, ಎರಡೂ ಕಂಕುಳಿಂದಲೇ ಬರೋದು. ಅವನ್ನು ಮುಟ್ಟದೆ ಉಳಿದದ್ದನ್ನು ಬಿಡಿಸಿ, ಚರ್ಮದ ಅಡಿಯಲ್ಲೇ ಮುಂದಕ್ಕೆ ತಿರುಗಿಸಿ, ಎದೆಗೆ ಹೊಲೀತಾರೆ.

"ಕಾಲಲ್ಲಿ ಮೂಳೆ ಕಾಣೋ ಗಾಯ ಆದ್ರೆ ಮುಚ್ಚೋಕೂ ಇದನ್ನೇ ತಗೋತೀವಿ. ಹಿಂದೆಲ್ಲ ಬಡಿಯೋ ಬಲ ಸೋತ ಹೃದಯಕ್ಕೆ ಸುತ್ತಿದ್ದೂ ಉಂಟು," ಅಂದಿದ್ದರು ಡಾಕ್ಟರಮ್ಮ. "ಹಗ್ಗ ಎಳೆಯೋ ಸ್ನಾಯು ಇದು. ಜಾಗ ಬದಲಾಗಿದ್ದು ಅದಕ್ಕೆ ತಿಳಿಯಲ್ಲ. ನೀವು ಏನಾದ್ರೂ ಎಳೆದ್ರೆ ಎದೆ ಕುಣಿಯುತ್ತೆ, ಹೆದರ್ಬೇಡಿ. ಆದ್ರೆ ಭಾರ ಮಾತ್ರ ಎಳೀಬೇಡಿ."

"ಸರಿ ಹೋಯ್ತು. ಇನ್ಮೇಲೆ ಬೆನ್ನಿಗೆ ಚೂರಿ ಹಾಕೋರು ಎದುರಿಗೇ ಬರ್ಬೇಕು," ಅಂತ ಅಕ್ಕ ನಕ್ಕಿದ್ದಳು.

ಭಾವ ನಗಲಿಲ್ಲ. ಅವನದು ಬಾವಿ ಹೂಳು ತೆಗೆಯೋ ಕೆಲಸ. ಮದುವೆಯಾದಾಗಿನಿಂದ ಅವನು ಕೆಳಗೆ, ಅಕ್ಕ ಮೇಲೆ. ಅವನು ಕೆಸರು ತುಂಬಿದರೆ ಇವಳು ಬಕೆಟ್ ಎಳೆಯೋದು. ಆಪರೇಷನ್ ಆದ ಮೇಲೆ ಇವಳು ಇಸ್ತ್ರಿ ಪೆಟ್ಟಿಗೆ ಹಿಡಿದಳು. ಅವನು ಗಿಡ್ಡ ಅನ್ನೋ ಜೊತೆಗಾರನನ್ನು ಕಟ್ಟಿಕೊಂಡ. ಅವತ್ತು ಇಬ್ಬರೂ ಇದೇ ಬಾವಿಗೆ ಬಂದಿದ್ದರು. ಇಷ್ಟು ಹೊತ್ತಿಗೆ ಮನೆ ಸೇರಿರ್ತಾನೆ ಅಂದುಕೊಂಡೇ ಅಕ್ಕ ನಡೀತಿದ್ದದ್ದು.

ಅವಳ ಎರಡೂ ಕೈ ಜೋತುಬಿದ್ದಿದ್ದವು. ಎಳೆಯೋಕೆ ಏನೂ ಇರಲಿಲ್ಲ. ಆದರೂ ಎದೆ... ಬಿಗಿ. ಸಡಿಲ. ಬಿಗಿ. ಸಡಿಲ.

ಆಮೇಲೆ ಸದ್ದು ಕೇಳಿಸ್ತು. ಕಿರ್ರ್... ಕಿರ್ರ್... ಬಾವಿಯ ರಾಟೆ. ಗಾಳಿ ಒಂಚೂರೂ ಇಲ್ಲ. ಕಟ್ಟೆ ಮೇಲೆ ಭಾವನ ಅಂಗಿ ಮಡಚಿ ಇಟ್ಟಿತ್ತು. ಹಗ್ಗ ಬಿಗಿಯಾಗಿ ಕತ್ತಲೊಳಕ್ಕೆ ಇಳಿದಿತ್ತು.

ಅಕ್ಕ ಕಟ್ಟೆ ಹತ್ತಿರ ಓಡಿದಳು. ಬಗ್ಗಿದಳು. "ರೀ..."

ಕೆಳಗಿಂದ, ಪಿಸುಮಾತಲ್ಲಿ: "ಇವಳೇ... ಎಳಿ."

ಭಾವನದೇ ದನಿ. ಅವಳನ್ನು 'ಇವಳೇ' ಅಂತ ಕರೆಯೋನು ಜಗತ್ತಲ್ಲಿ ಅವನೊಬ್ಬನೇ.

ಹಗ್ಗಕ್ಕೆ ಕೈ ಹಾಕಿದಳು. ಎಳೆದಳು. ಒಂದು ಗೇಣು ಮೇಲೆ... ಸರ್ರನೆ ಎರಡು ಗೇಣು ಕೆಳಗೆ. ಅಂಗೈ ಸುಲೀತು. ಎಡಗೈಗೆ ಬಲವೇ ಇಲ್ಲ. ಆ ಬಲ ಬೆನ್ನು ಬಿಟ್ಟು ಎದೆಗೆ ಬಂದು ಕೂತಿತ್ತಲ್ಲ!

"ಯಾರಾದ್ರೂ ಬನ್ರೋ!" ಅಂತ ಕಿರುಚಿದಳು. ಖಾಲಿ ಕಾರ್ಖಾನೆ ಅದನ್ನೇ ತಿರುಗಿ ಹೇಳ್ತು. ಓಡಿಹೋಗಿ ಯಾರನ್ನಾದ್ರೂ ಕರೆಯೋಣ ಅಂತ ಒಂದು ಹೆಜ್ಜೆ ಇಟ್ಟಳು.

"ಬಿಡ್ಬೇಡ್ವೇ... ಎಳಿ."

ಹಗ್ಗ ಸೊಂಟಕ್ಕೆ ಸುತ್ತಿಕೊಂಡಳು. ಹಿಮ್ಮಡಿ ನೆಲಕ್ಕೆ ಊರಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆ. ಎದೆ ಈಗ ಕುಣೀತಿರಲಿಲ್ಲ, ಮುಷ್ಟಿ ಹಿಡಿದ ಹಾಗೆ ಕಲ್ಲಾಗಿತ್ತು. ಬೆನ್ನಿನ ಹಳೇ ಹೊಲಿಗೆಯ ಗೆರೆ ಬೆಂಕಿ ಇಟ್ಟ ಹಾಗೆ ಉರೀತು. ಉಸಿರು ಸಿಕ್ಕಿಕೊಂಡಿತು. ಇನ್ನಾಗಲ್ಲ ಅಂದುಕೊಂಡಾಗೆಲ್ಲ ಹಗ್ಗ ಒಂಚೂರು ಹಗುರ ಆಗ್ತಿತ್ತು... ಕೆಳಗಿಂದ ಯಾರೋ ಎತ್ತಿಕೊಟ್ಟ ಹಾಗೆ.

"ಬಂದ್ರಿ ರೀ, ಬಂದೇಬಿಟ್ರಿ," ಅಂತ ಅಳ್ತಾ ಎಳೆದಳು.

ಕೂಗು ಕೇಳಿ ಕಾರ್ಖಾನೆಯ ಕಾವಲುಗಾರ ಟಾರ್ಚ್ ಹಿಡಿದು ಓಡಿಬಂದ. ಬಾವಿಯ ಬಾಯಿಗೆ ಒಂದು ತಲೆ ಬಂತು. ಕಾವಲುಗಾರ ರಟ್ಟೆ ಹಿಡಿದು ಎಳೆದುಹಾಕಿದ. ಹಗ್ಗ ಆ ಮನುಷ್ಯನ ಕಂಕುಳಡಿ ಭದ್ರವಾಗಿ ಗಂಟು ಹಾಕಿತ್ತು.

ಅದು ಗಿಡ್ಡ.

ಉಸಿರು ಗೊರ್... ಗೊರ್... ಅಂತ ಆಡ್ತಿತ್ತು. ಅಕ್ಕ ಅವನ ಕೆನ್ನೆಗೆ ಫಟಾರನೆ ಹೊಡೆದಳು. "ನೀನ್ಯಾಕೋ ಬಂದೆ? ನೀನ್ಯಾಕೆ? ಅವರೆಲ್ಲೋ?" ಆಮೇಲೆ ಅವಳೇ ಅವನ ಗಂಟು ಬಿಚ್ಚಿ ಹಗ್ಗ ಮತ್ತೆ ಕೆಳಗೆ ಬಿಟ್ಟಳು. "ರೀ, ಹಿಡ್ಕೊಳ್ಳಿ! ಇನ್ನೂ ಶಕ್ತಿ ಇದೆ ನಂಗೆ... ಹಿಡ್ಕೊಳ್ಳಿ ರೀ..."

ಬುಳುಕ್. ಹಗ್ಗದ ತುದಿ ನೀರು ಮುಟ್ಟಿದ ಸದ್ದು. ಅಷ್ಟೇ.

ಎದೆ ಸುಮ್ಮನಾಗಿತ್ತು. ಕಾವಲುಗಾರ ಕೈ ಬಿಡಿಸೋವರೆಗೂ ಅವಳು ಹಗ್ಗ ಹಿಡಿದೇ ನಿಂತಿದ್ದಳು.

ಭಾವನನ್ನು ಮೇಲೆ ತಂದದ್ದು ಬೆಳಗಾದ ಮೇಲೆ, ಅಗ್ನಿಶಾಮಕದವರು. ಬಾವಿಯ ತಳದಲ್ಲಿ ಕೆಟ್ಟ ಗಾಳಿ ತುಂಬಿತ್ತಂತೆ. ಹಿಂದಿನ ದಿನ ಮಧ್ಯಾಹ್ನವೇ ಜೀವ ಹೋಗಿತ್ತು ಅಂದರು ಡಾಕ್ಟರು. ಕತ್ತಲಾದ ಮೇಲೆ ಮಾತಾಡಿದ್ರು ಅಂತ ಅಕ್ಕ ಹೇಳಿದಾಗ ಅವರು ತಲೆ ತಗ್ಗಿಸಿದರು.

ಗಿಡ್ಡ ಆಸ್ಪತ್ರೆಯಲ್ಲಿ ಹುಷಾರಾಗಿ ಬಂದು ಅವಳ ಕಾಲ ಬಳಿ ಕೂತ. "ಅಣ್ಣ ಬಿದ್ದಿದ್ದು ನೋಡಿ ಇಳಿದೆ ಅಕ್ಕಾ. ಅರ್ಧದಲ್ಲೇ ಕಣ್ಣು ಕತ್ತಲೆ ಬಂತು. ಒಳಗೋಡೆಯಿಂದ ಚಾಚಿದ ಕಲ್ಲಿಗೆ ಒರಗಿದ್ದು ಗೊತ್ತು. ಹಗ್ಗ ನಾನು ಕಟ್ಕೊಳ್ಳಲಿಲ್ಲ."

ಅಕ್ಕ ಎದ್ದಳು. ಅವನಿಗೆ ನೀರು ಕೊಟ್ಟಳು.

ಭಾವನ ಮೈ ತೊಳೆಯೋವಾಗ ನಾನೂ ಇದ್ದೆ. ಬೇರೆಯವರು ಹೇಳಿದ ಮಾತಲ್ಲ ಇದು... ನಾನೇ ನೀರು ಹೊಯ್ದದ್ದು. ಎರಡು ಭುಜದ ಮೇಲೂ ಬರಿಗಾಲು ಊರಿ ನಿಂತ ಗುರುತು, ಕಂದಿ ನೀಲಿಗಟ್ಟಿತ್ತು. ಉಜ್ಜಿದೆ, ಹೋಗಲಿಲ್ಲ. ಬಲ ಭುಜದಲ್ಲಿ ಐದು ಬೆರಳು. ಎಡ ಭುಜದಲ್ಲಿ ನಾಲ್ಕು.

ಗಿಡ್ಡನ ಎಡಗಾಲಿಗೆ ಹುಟ್ಟಿದಾಗಿನಿಂದ ಕಿರುಬೆರಳಿಲ್ಲ.